ಮಳೆಗಾಲದ ಕೆಸರೂ ಮೋಟಾರ್ ಸೈಕಲ್ಲಿನ ಫೋರ್ಕೂ

ಹಿತ್ತಾಳೆಯ ಪಾತ್ರೆಗಳನ್ನು ಹುಣಿಸೆಹಣ್ಣು ಹಾಕಿ ದಿನವೂ ಬೆಳಗುವ ಸಂಸಾರಿಗಳು ಅಂಗಳದಲ್ಲಿಯೇ ನಿಂತಿರುವ ಮೋಟಾರ್ ಸೈಕಲ್ಲಿನ ವಿಷಯದಲ್ಲಿ ಅಷ್ಟು ಆಸ್ಥೆಯನ್ನು ತೋರುವುದಿಲ್ಲ. ತೋರಿದರೂ ಅದು ಪೆಟ್ರೋಲ್ ಟ್ಯಾಂಕಿನ ಹೊಳಪಿನೊಡನೆ ಮುಗಿದುಹೋಗುತ್ತದೆ. ನಮ್ಮ ಭಾರವನ್ನೂ ಹೆಂಡತಿ ಮಕ್ಕಳ ಭಾರವನ್ನೂ ಹೊತ್ತು, ರಸ್ತೆಯ ಹಳ್ಳದಿಣ್ಣೆಗಳ ಪೆಟ್ಟನ್ನೆಲ್ಲ ತಾನೇ ತಿನ್ನುವ ಮುಂದಿನ ಫೋರ್ಕನ್ನು ಬಗ್ಗಿ ನೋಡುವವರು ವಿರಳ. ಈ ಉದಾಸೀನದ ಫಲವನ್ನು ನಾವೂ ಉಂಡವರೇ ಆದುದರಿಂದ ಈ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತಿದ್ದೇವೆ.

ಕಳೆದ ವರ್ಷ ಆಷಾಢದಲ್ಲಿ ತೀರ್ಥಹಳ್ಳಿಯ ಕಡೆಯಿಂದ ಉಡುಪಿಗೆ ಹೊರಟಿದ್ದೆವು. ಹಿಂದೆ ನಮ್ಮ ಮನೆಯವರು ಕುಳಿತಿದ್ದರು. ಆಗುಂಬೆಯಲ್ಲಿ ಕಾಫಿಗೆಂದು ಇಳಿದಾಗ, ಅಲ್ಲಿದ್ದ ರಿಪೇರಿ ಕೆಲಸದ ಹುಡುಗನೊಬ್ಬನು ನಮ್ಮ ಬಂಡಿಯ ಮುಂಚಕ್ರವನ್ನು ನೋಡಿ, “ಸ್ವಾಮಿ, ಈ ಬ್ರೇಕನ್ನು ನಂಬಿ ಘಾಟಿ ಇಳಿಯಬೇಡಿ” ಎಂದನು. ಬಗ್ಗಿ ನೋಡಿದರೆ ಫೋರ್ಕಿನ ಎಣ್ಣೆ ಸೋರಿ ಬ್ರೇಕಿನ ಡಿಸ್ಕಿನ ಮೇಲೆ ಹರಡಿತ್ತು. ಮುಂದೆ ಇದ್ದುದು ಆ ಘಾಟಿಯ ಕಡಿದಾದ ತಿರುವುಗಳು. “ಸೀಲು ಹೊಸದೇ ಇರಬಹುದಲ್ಲ?” ಎಂದು ನಾವು ವಾದಿಸಹೋದೆವು. “ಹೊಸದಾದರೇನು? ಮೇಲಿನ ಮಣ್ಣನ್ನು ನೀವು ಒಮ್ಮೆಯೂ ಒರೆಸಿದಂತಿಲ್ಲ” ಎಂದನು. ಉತ್ತರ ಹೊಳೆಯಲಿಲ್ಲ. ಬಂಡಿಯನ್ನು ಅಲ್ಲಿಯೇ ಬಿಟ್ಟು ಬಸ್ಸಿನಲ್ಲಿ ಘಟ್ಟವಿಳಿದೆವು.

ಈ ಸೀಲೆಂಬುದೇನು? 1935ರಲ್ಲಿ ಜರ್ಮನಿಯ ಬಿ.ಎಂ.ಡಬ್ಲ್ಯೂ. ಕಂಪನಿಯವರು ತಮ್ಮ ಆರ್ 12 ಎಂಬ ಬಂಡಿಗೆ ಎಣ್ಣೆಯಿಂದ ಕುಲುಕಾಟವನ್ನು ತಡೆಯುವ ಟೆಲಿಸ್ಕೋಪಿಕ್ ಫೋರ್ಕನ್ನು ಅಳವಡಿಸಿ ಮಾರಾಟಕ್ಕೆ ತಂದರು. ಇಂದಿನ ಬಹುತೇಕ ಬಂಡಿಗಳದೂ ಅದೇ ಕ್ರಮ. ಒಂದು ಕೊಳವೆಯೊಳಗೆ ಇನ್ನೊಂದು ಕೊಳವೆ ಜಾರುತ್ತದೆ. ಒಳಗೆ ಸ್ಪ್ರಿಂಗೂ ಎಣ್ಣೆಯೂ ಇರುತ್ತವೆ. ಎರಡೂ ಕೂಡುವಲ್ಲಿ ಎಣ್ಣೆಯನ್ನು ಹಿಡಿದಿಡುವ ರಬ್ಬರಿನ ಬಳೆಯೇ ಆಯಿಲ್ ಸೀಲು. ಅದರ ಮೇಲೆ ಧೂಳನ್ನು ತಡೆಯುವ ಡಸ್ಟ್ ಸೀಲೊಂದುಂಟು. ಹೊಳೆಯುವ ಕೊಳವೆಯ ಮೇಲಿರುವುದು ಕ್ರೋಮಿಯಂ ಲೋಹದ ಲೇಪ; ಅದು ಕೂದಲೆಳೆಗಿಂತಲೂ ತೆಳು.

ಚಕ್ರವು ಎರಚಿದ ಕೆಸರು ಈ ಕೊಳವೆಯ ಮೇಲೆ ಒಣಗಿದರೆ ಮರಳುಕಾಗದದಂತಾಗುತ್ತದೆ. ಬಂಡಿ ಕುಲುಕಿದಂತೆಲ್ಲ ಮರಳ ಕಣಗಳು ಸೀಲಿನ ತುಟಿಗೆ ಸಿಕ್ಕಿ ಅದನ್ನು ಸವೆಯಿಸುತ್ತವೆ. ಹಾರಿಬಂದ ಜಲ್ಲಿಕಲ್ಲು ತಾಗಿ ಲೇಪವು ಚಿಟ್ಟೆದ್ದರೆ ಆ ಚುಕ್ಕೆಯಲ್ಲಿ ತೇವ ಸೇರಿ ತುಕ್ಕು ಹುಟ್ಟುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಆಗುಂಬೆಯಂತಹ ಮಲೆನಾಡಿನಲ್ಲಿಯೂ, ಉಪ್ಪುಗಾಳಿಯ ಕರಾವಳಿಯಲ್ಲಿಯೂ ಈ ಕೇಡು ಬಹು ಬೇಗ ಹಬ್ಬುತ್ತದೆ. ತುಕ್ಕಿನ ಗುಳಿ ಬಿದ್ದ ಕೊಳವೆಯು ಹೊಸ ಸೀಲನ್ನೂ ಅರದಂತೆ ಉಜ್ಜಿ ಹಾಕುವುದರಿಂದ ಮತ್ತೆ ಮತ್ತೆ ಸೀಲು ಬದಲಿಸಿ ಪ್ರಯೋಜನವಿಲ್ಲ.

ಪರಿಹಾರಗಳಲ್ಲಿ ಮೊದಲನೆಯದಕ್ಕೆ ಕಾಸಿನ ಖರ್ಚಿಲ್ಲ. ಮಳೆಯಲ್ಲಿ ತಿರುಗಿ ಬಂದ ಸಂಜೆ, ಕೆಸರು ಒಣಗುವ ಮೊದಲೇ ಕೊಳವೆಗಳ ಮೇಲೆ ನೀರು ಹನಿಸಿ, ಹಳೆಯ ಪಂಚೆಯ ಮೆತ್ತನೆಯ ತುಂಡಿನಿಂದ ಒರೆಸತಕ್ಕದ್ದು. ಅಂಟಿ ಒಣಗಿದ ಹುಳುಗಳನ್ನು ಉಗುರಿನಿಂದ ಕೆರೆಯದೆ ಒದ್ದೆ ಬಟ್ಟೆ ಸುತ್ತಿ ನೆನೆಯಿಸಬೇಕು. ಪೆಟ್ರೋಲು ರಬ್ಬರಿಗೆ ಹಾನಿಕರ. ತೊಳೆಯುವ ಅಂಗಡಿಗಳಲ್ಲಿ ರಭಸದ ನೀರನ್ನು ಸೀಲಿನ ಮೇಲೆ ನೇರವಾಗಿ ಹಾಯಿಸಲು ಬಿಡಬಾರದು. ಅದು ಹೊರಗಿನ ಮಣ್ಣನ್ನು ಒಳಕ್ಕೆ ತಳ್ಳುತ್ತದೆ.

ಎರಡನೆಯದು ಕವಚ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾಗುತ್ತಿದ್ದ ಜಾವಾ ಬಂಡಿಗಳ ಫೋರ್ಕಿಗೆ ಲೋಹದ ಹೊದಿಕೆ ಇರುತ್ತಿತ್ತು. ಈಗಿನ ಹಲವು ಬಂಡಿಗಳಲ್ಲಿ ಕೊಳವೆಯು ಬರಿಮೈಯಾಗಿದೆ. ಅಂತಹವಕ್ಕೆ ಮಡಿಕೆ ಮಡಿಕೆಯಾದ ರಬ್ಬರಿನ ಬೂಟುಗಳನ್ನು ಹಾಕಿಸಬಹುದು. ಆದರೆ ಹಾಕಿಸಿ ಮರೆಯುವುದು ಸಲ್ಲ. ಬೂಟಿನೊಳಗೆ ಹೊಕ್ಕ ನೀರು ನಿಂತಲ್ಲಿಯೇ ನಿಂತು ಕೊಳವೆಯನ್ನು ಕಾಣದಂತೆ ತಿನ್ನುತ್ತದೆ. ಆದುದರಿಂದ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಅದನ್ನು ಮೇಲೆತ್ತಿ ಒರೆಸಿ, ಉಸಿರಾಡುವ ಸಣ್ಣ ತೂತುಗಳಿದ್ದರೆ ಅವನ್ನು ಬಿಡಿಸಬೇಕು.

ಹಿಂದಿನ ಭಾಗವನ್ನೂ ಮರೆಯಲಾಗದು. ಒಂದೇ ಶಾಕ್ ಅಬ್ಸಾರ್ಬರು ಹಿಂಚಕ್ರದ ಮುಂದೆ ಇರುವ ಬಂಡಿಗಳಲ್ಲಿ ಕೆಸರೆಲ್ಲ ಅದರ ಮೈಮೇಲೆಯೇ ಬೀಳುತ್ತದೆ. ನಡುವೆ ರಬ್ಬರಿನ ಹಾಳೆಯೊಂದನ್ನು ಅಡ್ಡ ಕಟ್ಟಿಸಿದರೆ ಬಹಳ ಉಪಕಾರ; ಅದು ಟಯರಿಗಾಗಲಿ ಚೈನಿಗಾಗಲಿ ತಾಗದಂತಿರಬೇಕು. ಹಿಂಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿನ ಬುಷ್ಷುಗಳನ್ನು ಮಳೆಗಾಲದ ಮೊದಲೂ ಅನಂತರವೂ ಪರೀಕ್ಷೆ ಮಾಡಿಸುವುದು ಕ್ಷೇಮ.

ಎಣ್ಣೆಯ ಪಸೆ ಈಗತಾನೆ ಕಾಣಿಸಿಕೊಂಡಿದ್ದರೆ ಸೀಲಿನಡಿ ಮಣ್ಣು ಸಿಕ್ಕಿರುವುದಷ್ಟೇ ಕಾರಣವಿರಬಹುದು. ಬಲ್ಲ ಮೆಕ್ಯಾನಿಕರು ಡಸ್ಟ್ ಸೀಲನ್ನು ಮೇಲೆತ್ತಿ, ಹಳೆಯ ಫೋಟೋ ಫಿಲ್ಮಿನ ನುಣುಪಾದ ತುಂಡನ್ನು ಸೀಲಿಗೂ ಕೊಳವೆಗೂ ನಡುವೆ ತೂರಿಸಿ, ಸುತ್ತಲೂ ಆಡಿಸಿ ಆ ಕಣವನ್ನು ಈಚೆಗೆ ತೆಗೆಯುತ್ತಾರೆ. ಅನಂತರವೂ ಸೋರಿದರೆ ಸೀಲನ್ನು ಬದಲಿಸಲೇಬೇಕು. ಎಣ್ಣೆ ಕುಡಿದ ಬ್ರೇಕ್ ಪ್ಯಾಡುಗಳನ್ನಂತೂ ಒರೆಸಿ ಮತ್ತೆ ಬಳಸಬಾರದು. ಹೊಸವನ್ನು ಹಾಕಿಸಿ, ಡಿಸ್ಕನ್ನು ಶುದ್ಧಮಾಡಿಸಿದ ಮೇಲೆಯೇ ಬಂಡಿ ಹತ್ತತಕ್ಕದ್ದು.

ಆ ಸಲ ನಾವು ಸೀಲಿಗೂ ಪ್ಯಾಡಿಗೂ ಕೂಲಿಗೂ ಹಣ ತೆತ್ತೆವು. ಅದು ಹೋದರೆ ಬಂದೀತು. ಘಾಟಿಯ ತಿರುವಿನಲ್ಲಿ ಬ್ರೇಕು ಹಿಡಿಯದೆ ಹೋಗಿದ್ದರೆ ನಷ್ಟವು ಹಣದಲ್ಲಿ ನಿಲ್ಲುತ್ತಿರಲಿಲ್ಲ. ಈಗ ನಮ್ಮ ಬಂಡಿಯ ಕೀಲಿಕೈ ತೂಗುವ ಮೊಳೆಯಲ್ಲಿಯೇ ಪಂಚೆಯ ತುಂಡೊಂದು ತೂಗುತ್ತಿದೆ. ಸಂಜೆ ನಾವು ಮರೆತರೂ ಮನೆಯವರು ಮರೆಯುವುದಿಲ್ಲ.