ಆಟದ ಇಟ್ಟಿಗೆಗಳಲ್ಲಿ ಅಮೆರಿಕದ ಹಳೆಯ ಕಾರುಗಳು

ಮಗುವಿನ ಕೈಗೆ ಆಟಿಕೆಯೊಂದನ್ನು ಕೊಟ್ಟರೆ ಅದು ಮೊದಲು ಮಾಡುವ ಕೆಲಸ ಬಿಚ್ಚಿ ನೋಡುವುದು. ‘ಹಾಳುಮಾಡಿದೆಯಲ್ಲ!’ ಎಂದು ಹಿರಿಯರು ಗದರುವುದು ಎಲ್ಲ ಮನೆಗಳ ಅನುಭವ. ಆದರೆ ಬಿಚ್ಚುವುದಕ್ಕೂ ಮತ್ತೆ ಜೋಡಿಸುವುದಕ್ಕೂ ಎಂದೇ ಹುಟ್ಟಿದ ಆಟಿಕೆಯೊಂದಿದೆ. ಅದು ಡೆನ್ಮಾರ್ಕ್ ದೇಶದ ಲೆಗೊ ಇಟ್ಟಿಗೆ. ಇದರಿಂದ ಮನೆ, ಸೇತುವೆ, ರೈಲುಗಳನ್ನು ಕಟ್ಟುವ ಮಕ್ಕಳು ಅನೇಕ ದೇಶಗಳಲ್ಲಿದ್ದಾರೆ. ಅವರ ಜೊತೆಗೆ ತಲೆ ನರೆತ ಹಿರಿಯರ ಬಳಗವೂ ಒಂದುಂಟು. 1950 ಮತ್ತು 1960ರ ದಶಕಗಳ ಅಮೆರಿಕದ ಕಾರುಗಳನ್ನು ಅಳತೆಗೆ ತಕ್ಕಂತೆ ಕಿರಿದುಗೊಳಿಸಿ ಕಟ್ಟುವುದು ಆ ಬಳಗದ ಹವ್ಯಾಸ. ದೂರದಿಂದ ನೋಡುವವರಿಗೆ ಇದು ಹುಡುಗಾಟವಾಗಿ ಕಾಣಬಹುದು. ಒಳಹೊಕ್ಕು ನೋಡಿದರೆ ಇದರಲ್ಲಿ ಗಣಿತವಿದೆ, ಕಲೆಯಿದೆ. ಎಲ್ಲಕ್ಕಿಂತ ಮಿಗಿಲಾಗಿ ಕಟ್ಟಿದ್ದನ್ನು ಕಳಚಿ ಮತ್ತೆ ಕಟ್ಟುವ ತಾಳ್ಮೆಯ ಪಾಠವಿದೆ.

ಬಡಗಿಯ ಕಾರ್ಯಾಗಾರದಿಂದ

ಡೆನ್ಮಾರ್ಕಿನ ಬಿಲುಂಡ್ ಎಂಬ ಚಿಕ್ಕ ಊರಿನ ಬಡಗಿ ಓಲೆ ಕಿರ್ಕ್ ಕ್ರಿಶ್ಚಿಯನ್ಸನ್ ಅವರಿಗೆ ಮರಗೆಲಸವೇ ಜೀವನಾಧಾರವಾಗಿತ್ತು. ಜಗತ್ತನ್ನೆಲ್ಲ ಕಾಡಿದ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸಗಳು ಕಡಿಮೆಯಾಗಲು, 1932ರಲ್ಲಿ ಅವರು ಮರದ ಆಟಿಕೆಗಳ ತಯಾರಿಕೆಗೆ ಕೈಹಾಕಿದರು. ಎರಡು ವರ್ಷಗಳ ಬಳಿಕ, ಡೇನಿಷ್ ಭಾಷೆಯಲ್ಲಿ ‘ಚೆನ್ನಾಗಿ ಆಡು’ ಎಂಬ ಅರ್ಥ ಕೊಡುವ ಎರಡು ಪದಗಳನ್ನು ಮೊಟಕುಗೊಳಿಸಿ ತಮ್ಮ ಉದ್ಯಮಕ್ಕೆ ‘ಲೆಗೊ’ ಎಂದು ಹೆಸರಿಟ್ಟರು. 1924ರಲ್ಲಿ ಒಮ್ಮೆ, 1942ರಲ್ಲಿ ಇನ್ನೊಮ್ಮೆ ಅವರ ಕಾರ್ಯಾಗಾರ ಬೆಂಕಿಗೆ ಆಹುತಿಯಾಯಿತು. ಎರಡು ಬಾರಿಯೂ ಅವರು ಧೃತಿಗೆಡದೆ ಮತ್ತೆ ಕಟ್ಟಿದರು.

1949ರಲ್ಲಿ ಅವರು ಹೊರತಂದ ಪ್ಲಾಸ್ಟಿಕ್ ಇಟ್ಟಿಗೆಗಳ ಒಳಭಾಗ ಬರಿದಾಗಿದ್ದುದರಿಂದ ಒಂದರ ಮೇಲೊಂದು ಗಟ್ಟಿಯಾಗಿ ನಿಲ್ಲುತ್ತಿರಲಿಲ್ಲ. ಆ ಕೊರತೆಯನ್ನು ನೀಗಿಸಲು ಇಟ್ಟಿಗೆಯ ಒಳಗೆ ಚಿಕ್ಕ ಕೊಳವೆಗಳನ್ನು ಅಳವಡಿಸಲಾಯಿತು. ಕೆಳಗಿನ ಇಟ್ಟಿಗೆಯ ಗುಬುಟುಗಳನ್ನು ಮೇಲಿನ ಇಟ್ಟಿಗೆಯ ಕೊಳವೆಗಳು ಬಿಗಿಯಾಗಿ ಹಿಡಿಯುವ ಈ ಏರ್ಪಾಡಿಗೆ 1958ರ ಜನವರಿ 28ರಂದು ಓಲೆಯವರ ಮಗ ಗಾಟ್‌ಫ್ರೆಡ್ ಹಕ್ಕುಪತ್ರಕ್ಕೆ ಅರ್ಜಿ ಸಲ್ಲಿಸಿದರು. ತಂದೆ ಅದೇ ವರ್ಷ ತೀರಿಕೊಂಡರು. ಅಂದಿನ ಇಟ್ಟಿಗೆಯ ಮೇಲೆ ಇಂದಿನ ಇಟ್ಟಿಗೆ ಇಂದಿಗೂ ಸರಿಯಾಗಿ ಕೂಡುತ್ತದೆ. ಎಂಟು ಗುಬುಟುಗಳುಳ್ಳ ಒಂದೇ ಬಣ್ಣದ ಆರೇ ಆರು ಇಟ್ಟಿಗೆಗಳನ್ನು 91,51,03,765 ಬಗೆಗಳಲ್ಲಿ ಜೋಡಿಸಬಹುದೆಂದು ಗಣಿತಜ್ಞರು ಲೆಕ್ಕಹಾಕಿದ್ದಾರೆ.

ಚಕ್ರದಿಂದ ಆರಂಭ

ಈ ಇಟ್ಟಿಗೆಗಳಿಂದ ಕಾರು ಕಟ್ಟುವುದು ಹೇಗೆ? ಅನುಭವಿಗಳು ಮೊದಲು ಕೈಗೆತ್ತಿಕೊಳ್ಳುವುದು ಚಕ್ರವನ್ನು. ಗೋಡೆಯನ್ನು ಎಷ್ಟು ಎತ್ತರಕ್ಕೆ ಬೇಕಾದರೂ ಏರಿಸಬಹುದು. ಆದರೆ ರಬ್ಬರಿನ ಟಯರುಗಳು ಕೆಲವೇ ಅಳತೆಗಳಲ್ಲಿ ದೊರೆಯುತ್ತವೆ. ಆದ್ದರಿಂದ ಟಯರೇ ಇಡೀ ಕಾರಿನ ಪ್ರಮಾಣವನ್ನು ನಿರ್ಧರಿಸುತ್ತದೆ.

1957ರ ಷೆವ್ರೊಲೆ ಬೆಲ್ ಏರ್ ಕಾರನ್ನೇ ನೋಡೋಣ. ಅದರ ಟಯರಿನ ಎತ್ತರ ಸುಮಾರು 27 ಅಂಗುಲ. ಈ ಹವ್ಯಾಸಿಗಳು ಬಳಸುವ ಟಯರುಗಳಲ್ಲೊಂದು 30.4 ಮಿಲಿಮೀಟರ್ ಎತ್ತರದ್ದು. ಎರಡನ್ನೂ ಹೋಲಿಸಿದರೆ ಮಾದರಿಯು ನಿಜವಾದ ಕಾರಿನ ಸರಿಸುಮಾರು 22ರಲ್ಲಿ ಒಂದು ಪಾಲು ಆಗಬೇಕಾಗುತ್ತದೆ. 200 ಅಂಗುಲ ಉದ್ದದ ಆ ಕಾರು ಮೇಜಿನ ಮೇಲೆ 231 ಮಿಲಿಮೀಟರ್ ಆಗುತ್ತದೆ. ಒಂದು ಗುಬುಟಿನಿಂದ ಮುಂದಿನ ಗುಬುಟಿಗೆ ಇರುವ ಅಂತರ 8 ಮಿಲಿಮೀಟರ್. ಎಂದರೆ ಉದ್ದ ಸುಮಾರು 29 ಗುಬುಟು. ಇಲ್ಲಿಯವರೆಗೆ ಸುಲಭ. ಆದರೆ ಅಗಲವನ್ನು ಲೆಕ್ಕ ಹಾಕಿದರೆ 10.7 ಗುಬುಟು ಬರುತ್ತದೆ. ಮುಂದಿನ ಹಿಂದಿನ ಚಕ್ರಗಳ ನಡುವಣ ದೂರ 16.6 ಗುಬುಟು. ಮುಕ್ಕಾಲು ಗುಬುಟು ಎಲ್ಲಿಂದ ತರುವುದು? ಹತ್ತು ಇಟ್ಟರೆ ಕಾರು ಬಡಕಲಾಯಿತು. ಹನ್ನೊಂದು ಇಟ್ಟರೆ ತುಸು ಹೊಟ್ಟೆ ಬಂದಿತು. ಕಟ್ಟುವವನ ನಿಜವಾದ ಪರೀಕ್ಷೆ ಇಲ್ಲಿಂದ ಮೊದಲಾಗುತ್ತದೆ.

ಈ ಬಳಗದಲ್ಲಿ ಹಲವರು ಪಾಲಿಸುವ ಕಟ್ಟುನಿಟ್ಟಾದ ನಿಯಮವೊಂದಿದೆ: ಇಟ್ಟಿಗೆಯನ್ನು ಕತ್ತರಿಸಬಾರದು, ಅಂಟು ಹಚ್ಚಬಾರದು, ಬಣ್ಣ ಬಳಿಯಬಾರದು. ಕೈಯಲ್ಲಿ ಇರುವುದರಲ್ಲಿಯೇ ದಾರಿ ಹುಡುಕಬೇಕು. ಹಾಗೆ ಹುಡುಕುವವರಿಗೆ ಇಟ್ಟಿಗೆಯ ಅಳತೆಯಲ್ಲಿಯೇ ಒಂದು ಕೀಲಿಕೈ ದೊರೆತಿದೆ. ಚಪ್ಪಟೆ ಬಿಲ್ಲೆಯ ದಪ್ಪ 3.2 ಮಿಲಿಮೀಟರ್. ಅಂತಹ ಐದು ಬಿಲ್ಲೆಗಳನ್ನು ಒಂದರ ಮೇಲೊಂದು ಇಟ್ಟರೆ 16 ಮಿಲಿಮೀಟರ್. ಎರಡು ಗುಬುಟುಗಳ ಅಗಲವೂ 16 ಮಿಲಿಮೀಟರ್. ಆದುದರಿಂದ ಬಿಲ್ಲೆಗಳ ಅಟ್ಟಿಯನ್ನು ಪಕ್ಕಕ್ಕೆ ಮಲಗಿಸಿ ಕೂಡಿಸಿದರೂ ಅಳತೆ ತಪ್ಪುವುದಿಲ್ಲ. ಗುಬುಟು ಮೇಲ್ಮುಖವಾಗಿಯೇ ಇರಬೇಕೆಂಬ ಕಟ್ಟು ಹೀಗೆ ಕಳಚುತ್ತದೆ. ನಡುವೆ ಒಂದೇ ಗುಬುಟು ಇರುವ ಬಿಲ್ಲೆಯನ್ನು ಬಳಸಿದರೆ ಅರ್ಧ ಗುಬುಟಿನಷ್ಟು ಸರಿಸಲೂ ಸಾಧ್ಯ.

ಬೆಲ್ ಏರ್ ಕಾರಿನ ಹಿಂಬದಿಯಲ್ಲಿ ಮೀನಿನ ರೆಕ್ಕೆಯಂತೆ ಎದ್ದು ನಿಂತ ಎರಡು ಅಂಚುಗಳಿವೆ. ಇಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಅದನ್ನು ಮಾಡಹೊರಟರೆ, ಈ ಪ್ರಮಾಣದಲ್ಲಿ ರೆಕ್ಕೆಯ ದಪ್ಪ ನಿಜವಾದ ಕಾರಿನ 17 ಸೆಂಟಿಮೀಟರಿಗೂ ಮಿಕ್ಕೀತು. ಅದೇ ಬಿಲ್ಲೆಯನ್ನು ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿದರೆ 7 ಸೆಂಟಿಮೀಟರಿಗೆ ಇಳಿಯುತ್ತದೆ. ರೆಕ್ಕೆ ರೆಕ್ಕೆಯಂತೆಯೇ ಕಾಣುತ್ತದೆ.

ಬಿಡುವುದೂ ಒಂದು ಕಲೆ

ಇಷ್ಟಾದರೂ ಎಲ್ಲವನ್ನೂ ತೋರಿಸಲು ಸಾಧ್ಯವಿಲ್ಲ. ಆ ಕಾರಿನ ಎಡಗಡೆಯ ರೆಕ್ಕೆಯ ಹೊಳೆಯುವ ಪಟ್ಟಿಯ ಹಿಂದೆ ಪೆಟ್ರೋಲ್ ತುಂಬುವ ಬಾಯಿ ಅಡಗಿರುತ್ತಿತ್ತು. ಮುಂಗಾಜು ಎರಡೂ ಪಕ್ಕಗಳಿಗೆ ಬಾಗಿ ಸುತ್ತಿಕೊಂಡಿತ್ತು. ಇವುಗಳಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು? ಒಂದು ಕಾರನ್ನು ಅದೇ ಕಾರು ಎಂದು ಗುರುತಿಸುವುದು ಯಾವುದರಿಂದ? ಈ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಳ್ಳದವನ ಮಾದರಿ ಬಿಡಿಭಾಗಗಳ ರಾಶಿಯಾಗುತ್ತದೆಯೇ ವಿನಾ ಕಾರಾಗುವುದಿಲ್ಲ. ಬಣ್ಣದ ವಿಷಯವೂ ಹೀಗೆಯೇ. ಬೇಕಾದ ಆಕಾರದ ಇಟ್ಟಿಗೆ ಬೇಕಾದ ಬಣ್ಣದಲ್ಲಿ ದೊರೆಯದಿರುವುದು ತೀರ ಸಾಮಾನ್ಯ. ಕ್ರೋಮಿಯಂ ಹೊಳಪಿಗೆ ತಿಳಿಬೂದು ಬಣ್ಣವನ್ನೇ ನೆಚ್ಚಬೇಕಾಗುತ್ತದೆ.

ಹಲವು ಸಂಜೆಗಳ ಶ್ರಮದ ಬಳಿಕ ಮೇಲ್ಛಾವಣಿ ಇಟ್ಟು ಒಂದು ಮಾರು ಹಿಂದೆ ಸರಿದು ನೋಡಿದಾಗ, ಚಕ್ರ ಒಂದು ಗುಬುಟಿನಷ್ಟು ಹಿಂದಾಯಿತೆಂದು ತಿಳಿಯುವುದುಂಟು. ಆಗ ಬೇರೆ ಉಪಾಯವಿಲ್ಲ, ತಳದವರೆಗೆ ಕಳಚಬೇಕು. ಆದರೆ ಇಲ್ಲಿ ಒಂದು ಸಮಾಧಾನವಿದೆ. ಬಡಗಿಯ ಉಳಿ ತಪ್ಪಿದರೆ ಮರ ಕೆಟ್ಟಿತು; ಈ ಇಟ್ಟಿಗೆ ಮಾತ್ರ ಕೆಡುವುದಿಲ್ಲ. ಕಳಚಿದ ಇಟ್ಟಿಗೆ ಮತ್ತೆ ಮೊದಲಿನಂತೆಯೇ ಸಿದ್ಧವಾಗಿರುತ್ತದೆ.

ಮಾರುಕಟ್ಟೆಯ ಕಾರು, ನೆನಪಿನ ಕಾರು

ಲೆಗೊ ಸಂಸ್ಥೆಯೇ ಹೊರತಂದ ಹಳೆಯ ಅಮೆರಿಕನ್ ಕಾರುಗಳೂ ಇವೆ. 1960ರ ದಶಕದ ಫೋರ್ಡ್ ಮಸ್ಟಾಂಗ್ 2019ರಲ್ಲಿ 1,471 ತುಣುಕುಗಳಲ್ಲಿ ಬಂದಿತು. 1969ರ ಷೆವ್ರೊಲೆ ಕಮಾರೊ 2022ರಲ್ಲಿಯೂ, 1961ರ ಕಾರ್ವೆಟ್ 2023ರಲ್ಲಿಯೂ ಹೊರಬಂದವು. ಪೆಟ್ಟಿಗೆಯೊಳಗಿನ ಪುಸ್ತಕದ ಚಿತ್ರಗಳನ್ನು ಅನುಸರಿಸಿದರೆ ಕಾರು ಸಿದ್ಧವಾಗುತ್ತದೆ. ಕೈ ಪಳಗಲು ಇದು ಒಳ್ಳೆಯ ಆರಂಭ. ಆದರೆ ಪುಸ್ತಕ ಮುಗಿದಲ್ಲಿ ಇನ್ನೊಂದು ಲೋಕ ತೆರೆದುಕೊಳ್ಳುತ್ತದೆ.

ಸ್ಟುಡಿಬೇಕರ್ ಎಂಬ ಹೆಸರನ್ನು ಇಂದು ಕೇಳಿದವರು ಕಡಿಮೆ. 1852ರಲ್ಲಿ ಇಂಡಿಯಾನಾ ಪ್ರಾಂತದ ಸೌತ್ ಬೆಂಡ್ ಪಟ್ಟಣದಲ್ಲಿ ಇಬ್ಬರು ಸೋದರರು ಕಮ್ಮಾರಸಾಲೆಯೊಂದನ್ನು ತೆರೆದು ಬಂಡಿಗಳನ್ನು ಮಾಡತೊಡಗಿದರು. ಅದೇ ಮನೆತನದ ಉದ್ಯಮ ಮುಂದೆ ಕಾರುಗಳ ದೊಡ್ಡ ಕಾರ್ಖಾನೆಯಾಯಿತು. 1950ರ ಅವರ ಕಾರಿನ ಮೂತಿ ವಿಮಾನದ ಮೂತಿಯಂತೆ ದುಂಡಗೆ ಮುಂಚಾಚಿತ್ತು. 1963ರ ಡಿಸೆಂಬರಿನಲ್ಲಿ ಸೌತ್ ಬೆಂಡಿನಲ್ಲಿ ಕಾರು ತಯಾರಿಕೆ ನಿಂತಿತು. ಸಾವಿರಾರು ಕುಟುಂಬಗಳ ಅನ್ನದ ದಾರಿ ಮುಚ್ಚಿತು. ಕೆನಡಾದಲ್ಲಿ ಉಳಿದಿದ್ದ ತಯಾರಿಕೆಯೂ 1966ರಲ್ಲಿ ಕೊನೆಗೊಂಡಿತು. ಪ್ಯಾಕಾರ್ಡ್, ಹಡ್ಸನ್ ಮೊದಲಾದ ಹೆಸರುಗಳು ಅದಕ್ಕೂ ಮೊದಲೇ, 1950ರ ದಶಕದಲ್ಲಿಯೇ ಅಳಿದವು.

ಅಳಿದುಹೋದ ಇಂತಹ ಕಾರುಗಳನ್ನು ಕಟ್ಟುವವನಿಗೆ ಕೈಪಿಡಿಯ ನೆರವಿಲ್ಲ. ಹಳೆಯ ಛಾಯಾಚಿತ್ರ, ಜಾಹೀರಾತಿನ ಪುಟ, ವಸ್ತುಸಂಗ್ರಹಾಲಯದಲ್ಲಿ ಉಳಿದ ಕಾರು, ಇವೇ ಆಧಾರ. ಅಜ್ಜ ಓಡಿಸಿದ ಕಾರನ್ನೋ, ತಂದೆ ಕೆಲಸ ಮಾಡಿದ ಕಾರ್ಖಾನೆಯ ಕಾರನ್ನೋ ಮೊಮ್ಮಗನ ಮೇಜಿನ ಮೇಲೆ ನಿಲ್ಲಿಸುವ ಕೆಲಸ ಅದು. ಆ ದುಂಡು ಮೂತಿಗೆ ಸರಿಹೊಂದುವ ಒಂದು ತುಣುಕಿಗಾಗಿ ವಾರಗಟ್ಟಲೆ ಹುಡುಕುವವನು ಹುಡುಗಾಟ ಆಡುತ್ತಿದ್ದಾನೆಂದು ಹೇಳಲಾದೀತೆ?

ಮನೆಯವರಿಗೆ ಒಂದು ಮಾತು

ಈ ಇಟ್ಟಿಗೆಗಳು ಅಗ್ಗದ ವಸ್ತುಗಳಲ್ಲ. ಆದುದರಿಂದ ದೊಡ್ಡ ಪೆಟ್ಟಿಗೆಯಿಂದಲೇ ಆರಂಭಿಸಬೇಕೆಂಬ ಹಟ ಬೇಡ. ಮನೆಯಲ್ಲಿರುವ ಬಿಡಿ ಇಟ್ಟಿಗೆಗಳು, ನಾಲ್ಕು ಚಕ್ರ, ಒಂದು ಅಳತೆಪಟ್ಟಿ, ಒಂದು ಪೆನ್ಸಿಲ್ ಸಾಕು. ಮನೆಯ ಮುಂದೆ ನಿಂತಿರುವ ವಾಹನದ ಉದ್ದವನ್ನು ಮಕ್ಕಳೇ ಅಳೆಯಲಿ, ಭಾಗಿಸಲಿ, ಕಾಗದದ ಮೇಲೆ ಬರೆಯಲಿ. ಪಾಠದ ಪುಸ್ತಕದಲ್ಲಿ ಬೇಸರ ತರಿಸುವ ಭಾಗಾಕಾರ ಇಲ್ಲಿ ತಾನಾಗಿಯೇ ಬೇಕೆನಿಸುತ್ತದೆ. ಮೂರು ವರ್ಷದೊಳಗಿನ ಕೂಸುಗಳಿರುವ ಮನೆಯಲ್ಲಿ ಮಾತ್ರ ಎಚ್ಚರ ಅಗತ್ಯ. ಸಣ್ಣ ತುಣುಕುಗಳು ಬಾಯಿಗೆ ಹೋಗಿ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು.

ಇನ್ನೊಂದು ಮಾತು. ಮಗು ಕಟ್ಟಿದ ಕಾರು ಸೊಟ್ಟಗಿದ್ದರೆ ಹಿರಿಯರು ಕೈಹಾಕಿ ತಿದ್ದುವುದು ಬೇಡ. ‘ಎಲ್ಲಿ ತಪ್ಪಿತು, ನೋಡೋಣ’ ಎಂದು ಪಕ್ಕದಲ್ಲಿ ಕುಳಿತರೆ ಸಾಕು. ತಪ್ಪನ್ನು ತಾನೇ ಕಂಡುಕೊಂಡು, ಕಣ್ಣೀರಿಲ್ಲದೆ ಕಳಚಿ, ಮತ್ತೆ ಮೊದಲಿನಿಂದ ಕಟ್ಟಲು ಕಲಿತ ಮಗು ಮುಂದಿನ ಬಾಳಿನಲ್ಲಿ ಸೋಲಿಗೆ ಅಷ್ಟು ಸುಲಭವಾಗಿ ಹೆದರುವುದಿಲ್ಲ. ಎರಡು ಬಾರಿ ಸುಟ್ಟುಹೋದ ಕಾರ್ಯಾಗಾರವನ್ನು ಮತ್ತೆ ಮತ್ತೆ ಕಟ್ಟಿದ ಆ ಬಡಗಿಯ ಬದುಕೂ ಇದನ್ನೇ ಹೇಳುತ್ತದೆ.