ಎಲುಬಿನಾಗ ಕುಂತ ಸೀಸ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಯಾವ ಬಸ್ ಸ್ಟ್ಯಾಂಡಿಗೆ ಹೋದರೂ ಸೊಂಟ ಹಿಡಿದು ಬಸ್ ಹತ್ತುವ ಹಿರಿಯರಿಗೆ ಕೊರತೆಯಿಲ್ಲ. ‘ವಯಸ್ಸಾತು, ಎಲುಬು ಸವದಾವ’ ಎಂಬ ಉತ್ತರ ಸಿದ್ಧ. ಆದರೆ ವೈದ್ಯರಿಗೆ ಇನ್ನೊಂದರ ಮೇಲೂ ಗುಮಾನಿಯಿದೆ. ಅದು ಸೀಸ.

ಹಳೇ ಬ್ಯಾಟರಿ ಒಡೆಯುವಾಗ, ಸೀಸ ಕರಗಿಸುವಾಗ, ಹಳೇ ಬಣ್ಣ ಕೆರೆಯುವಾಗ ಏಳುವ ಹೊಗೆ, ಧೂಳು ಮೈ ಸೇರುತ್ತದೆ. ಶರೀರ ಅದನ್ನು ಕ್ಯಾಲ್ಸಿಯಂ ಎಂದೇ ತಿಳಿದು ಎಲುಬಿಗೆ ತುಂಬಿಕೊಳ್ಳುತ್ತದೆ. ರಕ್ತದಲ್ಲಿನ ಸೀಸ ಸುಮಾರು ತಿಂಗಳಲ್ಲಿ ಅರ್ಧಕ್ಕಿಳಿದರೆ, ಎಲುಬಿನದು ದಶಕಗಟ್ಟಲೆ ಬೀಡು ಬಿಡುತ್ತದೆ. ದೊಡ್ಡವರ ಮೈಯೊಳಗಿನ ಸೀಸದಲ್ಲಿ ಶೇ. 90ಕ್ಕೂ ಹೆಚ್ಚು ಇರುವುದು ಎಲುಬಿನಲ್ಲೇ. ಬಸುರಿನಲ್ಲಿ, ಮುಟ್ಟು ನಿಂತ ಮೇಲೆ, ಮುಪ್ಪಿನಲ್ಲಿ ಅದು ಮತ್ತೆ ರಕ್ತಕ್ಕಿಳಿಯುತ್ತದೆ. ಸೀಸ ಹೆಚ್ಚಿದ್ದವರ ಎಲುಬು ಟೊಳ್ಳಾಗುವುದೂ ಹೆಚ್ಚೆಂದು ಕೆಲವು ಅಧ್ಯಯನಗಳು ಹೇಳಿವೆ. ಸೀಸವೇ ಕಾರಣವೆಂಬ ಕಡೇ ತೀರ್ಪು ಬಂದಿಲ್ಲ.

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ಈ ವಿಷದ ಬಗ್ಗೆ ವರ್ಷಗಟ್ಟಲೆ ಎಚ್ಚರಿಸಿದವರು. 2000ದಲ್ಲಿ ದೇಶದ ಪೆಟ್ರೋಲ್‌ನಿಂದ ಸೀಸ ಹೋಯಿತು. 2017ರ ನವೆಂಬರ್‌ನಿಂದ ಮನೆಯ ಬಣ್ಣದಲ್ಲಿ ಹತ್ತು ಲಕ್ಷ ಪಾಲಿಗೆ 90 ಪಾಲು ಮೀರುವಂತಿಲ್ಲ. ಕಾಯ್ದೆ ಬಂತು ಖರೆ, ಎಲುಬಿನಾಗ ಕುಂತದ್ದು ಕಾಯ್ದೆ ಕೇಳೀತೇ?

ಬ್ಯಾಟರಿ ಅಂಗಡಿಯವರು ಕೈ ತೊಳೆಯದೆ ಚಹಾ ಮುಟ್ಟಬಾರದು. ಕೆಲಸದ ಅಂಗಿ ಮಕ್ಕಳಿರುವ ಮನೆಗೆ ಬರಬಾರದು. ರಕ್ತದಲ್ಲಿನ ಸೀಸದ ಪರೀಕ್ಷೆ ಮಾಡಿಸುವುದು ಒಳಿತು. ಸೊಂಟನೋವೆಂದು ಡಾಕ್ಟರರ ಹತ್ತಿರ ಹೋದವರು ವಯಸ್ಸಷ್ಟೇ ಅಲ್ಲ, ಇಷ್ಟು ವರ್ಷ ಮಾಡಿದ ಕೆಲಸವನ್ನೂ ಹೇಳಲಿ.