ಚಿತ್ತವಿಕಲತೆಯಿದ್ದರೂ ಸಂಸಾರ ಸಾಗಬಲ್ಲುದು

ಶರೀರಕ್ಕೆ ಕಾಯಿಲೆ ಬರುವಂತೆ ಮನಸ್ಸಿಗೂ ಬರುತ್ತದೆ. ಇಂತಹ ಕಾಯಿಲೆಗಳಲ್ಲಿ ತೀವ್ರವಾದುದು ಚಿತ್ತವಿಕಲತೆ ಅಥವಾ ಸ್ಕಿಜೋಫ್ರೀನಿಯಾ. ಇದು ಹೆಚ್ಚಾಗಿ ಹರೆಯದಲ್ಲಿ ಕಾಣಿಸಿಕೊಳ್ಳುತ್ತದೆ. ಯಾರೂ ಇಲ್ಲದೆಡೆ ಧ್ವನಿ ಕೇಳಿಸುವುದು, ಸಲ್ಲದ ಸಂಶಯ, ತನ್ನಷ್ಟಕ್ಕೆ ಮಾತನಾಡಿಕೊಳ್ಳುವುದು, ಸ್ನಾನ ಊಟ ಕೆಲಸಗಳಲ್ಲಿ ನಿರಾಸಕ್ತಿ, ಇವು ಅದರ ಲಕ್ಷಣಗಳು. ಇದು ದೆವ್ವದ ಕಾಟವಲ್ಲ, ಪೂರ್ವಜನ್ಮದ ಪಾಪವಲ್ಲ, ತಂದೆತಾಯಿಗಳು ಬೆಳೆಸಿದ ರೀತಿಯ ದೋಷವೂ ಅಲ್ಲ. ಮೆದುಳಿನ ಕಾರ್ಯದಲ್ಲಿ ಆಗುವ ಏರುಪೇರು.

ಪತಿಗಾಗಲಿ ಪತ್ನಿಗಾಗಲಿ ಈ ಕಾಯಿಲೆ ಬಂದರೆ “ಇನ್ನು ಬಾಳು ಮುಗಿಯಿತು” ಎಂದು ಎದೆಗುಂದುವವರು ಬಹಳ. ಈ ಭಾವನೆ ಸರಿಯಲ್ಲ ಎಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. ಆಗುಂಬೆಯನ್ನು ಒಳಗೊಂಡ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಈ ಕಾಯಿಲೆಯುಳ್ಳ 215 ಮಂದಿಯನ್ನು ಗುರುತಿಸಿದರು. ಅವರಲ್ಲಿ 190 ಮಂದಿಯನ್ನು ಒಂದು ವರ್ಷದ ನಂತರ ಪುನಃ ಪರೀಕ್ಷಿಸಿದರು. 2009ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಔಷಧಿ ಪಡೆದವರ ಅಸಮರ್ಥತೆ ಕಡಿಮೆಯಾಗಿತ್ತು, ಪಡೆಯದವರದು ಇದ್ದಂತೆಯೇ ಇತ್ತು. ನಾಲ್ಕು ವರ್ಷಗಳ ನಂತರ ನೋಡಿದಾಗಲೂ ಅರ್ಧಕ್ಕಿಂತ ಹೆಚ್ಚು ಮಂದಿ ದುಡಿಯುತ್ತಿದ್ದರು.

ಎಲ್ಲರೂ ಒಂದೇ ರೀತಿ ಗುಣ ಹೊಂದುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮೂವರಲ್ಲಿ ಒಬ್ಬರಾದರೂ ಪೂರ್ಣ ಗುಣಮುಖರಾಗಬಲ್ಲರು. ಉಳಿದವರಲ್ಲಿ ಹಲವರು ಔಷಧಿಯ ನೆರವಿನಿಂದ ಮನೆಯ ಕೆಲಸ, ತೋಟದ ಕೆಲಸ ಮಾಡಿಕೊಂಡಿರಬಲ್ಲರು. ಕೆಲವರಿಗೆ ಕಾಯಿಲೆ ಮರುಕಳಿಸುತ್ತದೆ. “ಈಗ ಸರಿಯಾಗಿದೆ” ಎಂದು ಗುಳಿಗೆ ನಿಲ್ಲಿಸುವುದು ಮರುಕಳಿಸಲು ಮುಖ್ಯ ಕಾರಣ. ಆದುದರಿಂದ ವೈದ್ಯರು ಹೇಳುವವರೆಗೆ ಗುಳಿಗೆ ಬಿಡಬಾರದು. ಆಗುಂಬೆಯ ಕಡೆಯವರು ಮಳೆ ಹಿಡಿಯುವ ಮುನ್ನವೇ ಸಾಕಷ್ಟು ಔಷಧಿ ತಂದಿರಿಸಿಕೊಳ್ಳುವುದು ಲೇಸು.

ದಂಪತಿಗಳು ಈ ಕೆಳಗಿನ ವಿಷಯಗಳನ್ನು ನೆನಪಿನಲ್ಲಿಡಬೇಕು:

1. ಮದುವೆ ಮಾಡಿದರೆ ಕಾಯಿಲೆ ವಾಸಿಯಾಗುವುದೆಂಬ ನಂಬಿಕೆ ತಪ್ಪು. ಕಾಯಿಲೆಯನ್ನು ಮುಚ್ಚಿಟ್ಟು ಮದುವೆ ಮಾಡುವುದರಿಂದ ಇಬ್ಬರಿಗೂ ಅನ್ಯಾಯವಾಗುತ್ತದೆ.

2. ಮಗು ಬೇಕೆನಿಸಿದಾಗ ಮೊದಲೇ ವೈದ್ಯರೊಡನೆ ಸಮಾಲೋಚಿಸಿರಿ. ಗರ್ಭಿಣಿಯಾದೊಡನೆ ತಾವಾಗಿಯೇ ಗುಳಿಗೆ ನಿಲ್ಲಿಸಬೇಡಿ. ತಂದೆತಾಯಿಗಳಲ್ಲಿ ಒಬ್ಬರಿಗೆ ಈ ಕಾಯಿಲೆಯಿದ್ದರೆ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳಿಗೆ ಅದು ಬರುವುದಿಲ್ಲ.

3. ಬಾಣಂತನದಲ್ಲಿ ಕಾಯಿಲೆ ಹೆಚ್ಚಾಗಬಹುದು. ತಾಯಿಗೆ ನಿದ್ರೆ ದೊರೆಯುವಂತೆ ಮನೆಯವರು ಮಗುವನ್ನು ನೋಡಿಕೊಳ್ಳಬೇಕು.

4. ಹಂಗಿಸುವುದು, ಗದರಿಸುವುದು, ಕಟ್ಟಿಹಾಕುವುದು ಸಲ್ಲದು. ಕೈಲಾದ ಕೆಲಸ ಕೊಟ್ಟು ಪ್ರೋತ್ಸಾಹಿಸಿರಿ.

5. ರಕ್ತದೊತ್ತಡ, ಸಕ್ಕರೆ ಪರೀಕ್ಷೆ ಮಾಡಿಸಿರಿ. ಹೊಗೆಸೊಪ್ಪು, ಬೀಡಿ ಬಿಡಿಸಿರಿ. ಈ ಕಾಯಿಲೆಯವರು ಹೃದ್ರೋಗ ಮೊದಲಾದವುಗಳಿಂದ ಬೇಗ ತೀರಿಕೊಳ್ಳುವ ಅಪಾಯ ಹೆಚ್ಚು.

6. ಸಾಯುವ ಮಾತು ಬಂದರೆ ಒಂಟಿಯಾಗಿ ಬಿಡದೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಚಿಕಿತ್ಸೆಗಾಗಿ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿರಿ. ಆಶಾ ಕಾರ್ಯಕರ್ತೆಯ ನೆರವನ್ನೂ ಪಡೆಯಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯಂತೆ ಸರ್ಕಾರಿ ವ್ಯವಸ್ಥೆಯಲ್ಲಿ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು.

ಚಿಕಿತ್ಸೆ ಎಷ್ಟು ಬೇಗ ಆರಂಭವಾದರೆ ಅಷ್ಟು ಒಳ್ಳೆಯದು. ಆದರೆ ವರ್ಷಗಳು ಕಳೆದಿದ್ದರೂ ತಡವಾಯಿತೆಂದು ಕೈಚೆಲ್ಲಬೇಡಿ. ಅಂತಹವರೂ ಔಷಧಿಯಿಂದ ಚೇತರಿಸಿಕೊಳ್ಳಬಲ್ಲರು.